ಎರಡು ಮಲ್ಟಿಮೀಟರ್, ಹತ್ತು ಬ್ಯಾಟರಿ: ಬೋರ್ ಪಾಯಿಂಟ್ ಮಾಡಿದ ನನ್ನ ಅನುಭವ

ಲಕ್ಷಗಟ್ಟಲೆ ಬೆಲೆಯ ಮೆಷಿನ್ ಇಲ್ಲದೆ ರೆಸಿಸ್ಟಿವಿಟಿ ಸರ್ವೆ (ನೆಲಕ್ಕೆ ಕರೆಂಟ್ ಹರಿಸಿ, ನೆಲ ಅದನ್ನು ಎಷ್ಟು ತಡೆಯುತ್ತದೆ ಎಂದು ಅಳೆದು ಬೋರಿನ ಜಾಗ ಹುಡುಕುವುದು) ಆಗದು ಅಂದವರೇ ಈಗ ತಮ್ಮ ಹೊಲಕ್ಕೆ ಕರೆಯುತ್ತಿದ್ದಾರೆ. ಹಾಗಾಗಿ ಬರೆಯುತ್ತಿದ್ದೇನೆ. ಇದು ಚಿಂತಾಮಣಿ, ಶ್ರೀನಿವಾಸಪುರ ಕಡೆಯ ನೈಸ್ (gneiss) ಎಂಬ ಗಟ್ಟಿ ಬಂಡೆಯ ನೆಲದ ಲೆಕ್ಕ. ಎರೆ ಭೂಮಿಗೆ, ಕರಾವಳಿಯ ಮುರಕಲ್ಲಿಗೆ ಈ ಅಂಕಿಗಳನ್ನು ಹಾಗೇ ಹಚ್ಚಬೇಡಿ.

ಯುಪಿಎಸ್‌ನ 12 ವೋಲ್ಟ್ ಬ್ಯಾಟರಿ ಹತ್ತನ್ನು ಸೀರೀಸ್‌ನಲ್ಲಿ ಕಟ್ಟಿದರೆ 120 ವೋಲ್ಟ್. ಮಧ್ಯೆ ಒಂದು ಫ್ಯೂಸು, ಕರೆಂಟಿನ ದಿಕ್ಕು ತಿರುಗಿಸಲು ಒಂದು ಸ್ವಿಚ್ಚು. ಒಂದು ಮೀಟರ್ ಮಿಲಿಆಂಪ್‌ಗೆ, ಇನ್ನೊಂದು ಮಿಲಿವೋಲ್ಟ್‌ಗೆ. ಕರೆಂಟಿಗೆ ಸ್ಟೀಲ್ ಸರಳು. ವೋಲ್ಟೇಜಿಗೆ ಮಾತ್ರ ಮೈಲುತುತ್ತದ ನೀರು ತುಂಬಿದ ಮಣ್ಣಿನ ಕುಡಿಕೆ, ಅದರೊಳಗೆ ತಾಮ್ರದ ಕಡ್ಡಿ. ವೋಲ್ಟೇಜಿಗೂ ಸರಳೇ ಸಾಕು ಅಂತ ಕೂತರೆ ರೀಡಿಂಗ್ ನಿಲ್ಲುವುದೇ ಇಲ್ಲ, ಜಾರುತ್ತಲೇ ಇರುತ್ತದೆ. ವೈರೂ ಸೇರಿ ಇಪ್ಪತ್ತೈದು ಮೂವತ್ತು ಸಾವಿರದೊಳಗೆ ಮುಗಿಯಿತು. 120 ವೋಲ್ಟ್ ಡಿಸಿ ತಮಾಷೆಯಲ್ಲ. ಸ್ವಿಚ್ ಒತ್ತುವ ಮುಂಚೆ ಎರಡೂ ತುದಿಯಲ್ಲಿರುವ ಆಳುಗಳು ಕೈ ಎತ್ತಿ ತೋರಿಸಬೇಕು. ದನ ಮೇಯುತ್ತಿದ್ದರೆ ಅಟ್ಟಿಸಿ.

ಬಹಳ ಜನ ನೇರವಾಗಿ ಹೊಲದ ನಡುವೆ ಒಂದು ಸೌಂಡಿಂಗ್ (ಒಂದೇ ಜಾಗದಲ್ಲಿ ಆಳ ಆಳಕ್ಕೆ ಅಳೆಯುವುದು) ಮಾಡಿ ಗೂಟ ನೆಟ್ಟುಬಿಡುತ್ತಾರೆ. ಬೋರುಗಳು ಫೇಲಾಗುವುದು ಅಲ್ಲೇ. ಮೊದಲು ಪ್ರೊಫೈಲಿಂಗ್, ಅಂದರೆ ಒಂದು ಗೆರೆಯುದ್ದಕ್ಕೂ ಅಳೆಯುತ್ತಾ ಸಾಗುವುದು, ಮಾಡಬೇಕು. ಗೂಗಲ್ ಅರ್ಥ್‌ನಲ್ಲಿ ಹಳ್ಳ ನೆಟ್ಟಗೆ ಹರಿದಿರುವ ದಿಕ್ಕು, ಬೇಸಿಗೆಯಲ್ಲೂ ಹಸಿರಿರುವ ಮರದ ಸಾಲು ನೋಡಿ, ಅದಕ್ಕೆ ಅಡ್ಡಲಾಗಿ ಗೆರೆ ಹಾಕುತ್ತೇನೆ. ವೆನ್ನರ್ ಜೋಡಣೆ (ನಾಲ್ಕು ಕಡ್ಡಿ ಒಂದೇ ಸಾಲಿನಲ್ಲಿ ಸಮ ಅಂತರಕ್ಕೆ, ಹೊರಗಿನೆರಡು ಕರೆಂಟಿಗೆ, ಒಳಗಿನೆರಡು ವೋಲ್ಟೇಜಿಗೆ), ಕಡ್ಡಿಗಳ ನಡುವೆ 30 ಮೀಟರ್ (ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿ ಗುಣಕದಿಂದ ಗುಣಿಸಿದರೆ ಓಮ್-ಮೀಟರಿನಲ್ಲಿ ರೆಸಿಸ್ಟಿವಿಟಿ; ಇಲ್ಲಿ ಗುಣಕ ಸುಮಾರು 188), ಹತ್ತತ್ತು ಮೀಟರ್ ಮುಂದಕ್ಕೆ. 250 ಓಮ್-ಮೀಟರ್ ಇದ್ದದ್ದು ಮೂವತ್ತು ನಲವತ್ತು ಮೀಟರ್ ಅಗಲಕ್ಕೆ 90ಕ್ಕೆ ಬಿದ್ದರೆ ಸರಿ, ಆದರೆ ಅಷ್ಟಕ್ಕೇ ಕುಣಿಯಬೇಡಿ. 50 ಮೀಟರ್ ಆಚೆ ಸಮಾನಾಂತರ ಗೆರೆಯಲ್ಲೂ ಆ ಇಳಿತ ಸಿಗಬೇಕು. ಸಿಗದಿದ್ದರೆ ಅದು ಹಳೇ ತಿಪ್ಪೆಗುಂಡಿಯೋ ಜೇಡಿಮಣ್ಣಿನ ಗುಳಿಯೋ. ಕೆರೆ ಅಂಗಳದ ಹೂಳಿನಲ್ಲಿ 10-15 ಓಮ್-ಮೀಟರ್ ಬರುತ್ತದೆ. ಅದು ಜೇಡಿ, ನೀರಲ್ಲ. ನೀರು ತುಂಬಿದ ಶಿಥಿಲ ನೈಸ್ ಸಾಮಾನ್ಯವಾಗಿ 30ರಿಂದ 100. ಎಷ್ಟು ಇಳಿದರೆ ಗೂಟ ನೆಡುತ್ತೇನೆ ಅನ್ನುವುದು ನನ್ನ ಅನ್ನದ ಪ್ರಶ್ನೆ, ಅದನ್ನು ಬರೆಯುವುದಿಲ್ಲ.

ಇಳಿತದ ಮೇಲೆ ಮಾತ್ರ ಶ್ಲಂಬರ್ಜರ್ ಸೌಂಡಿಂಗ್: ಕುಡಿಕೆಗಳು ನಡುವೆ ಹತ್ತಿರ ಹತ್ತಿರ, ಕರೆಂಟ್ ಸರಳುಗಳನ್ನು ದೂರ ದೂರ ಒಯ್ಯುತ್ತಾ ಹೋಗುವುದು. ಎಬಿ/2 (ಕರೆಂಟ್ ಸರಳುಗಳ ನಡುವಿನ ದೂರದ ಅರ್ಧ) 40 ಮೀಟರ್, ಎಂಎನ್/2 (ಕುಡಿಕೆಗಳ ನಡುವಿನ ದೂರದ ಅರ್ಧ) 2 ಮೀಟರ್ ಇಟ್ಟರೆ ಗುಣಕ 1253. ನೆಲ 100 ಓಮ್-ಮೀಟರ್ ಇದ್ದು 80 ಮಿಲಿಆಂಪ್ ಹರಿದರೆ ಮೀಟರ್ ತೋರಿಸುವುದು 6.4 ಮಿಲಿವೋಲ್ಟ್. 0.1 ಮಿಲಿವೋಲ್ಟ್ ಓದುವ ಮೀಟರಿಗೆ ಅದು ಸಾಕು. ಹಾಗೇ ಎಬಿ/2 100 ಮೀಟರಿಗೆ ಹೋದರೆ ವೋಲ್ಟೇಜ್ 1 ಮಿಲಿವೋಲ್ಟಿಗೆ ಇಳಿದು, ನೂರಕ್ಕೆ ಹತ್ತು ತಪ್ಪು. ಆಗ ಎಂಎನ್/2 10ಕ್ಕೆ ಹಿಗ್ಗಿಸಿದರೆ 5 ಮಿಲಿವೋಲ್ಟ್ ಸಿಗುತ್ತದೆ. ಹಿಗ್ಗಿಸುವಾಗ ಹಳೇ ಎಂಎನ್‌ನಲ್ಲೂ ಹೊಸದರಲ್ಲೂ ಎಬಿಯ ಎರಡು ಅಂತರಕ್ಕೆ ರೀಡಿಂಗ್ ತೆಗೆಯಿರಿ. ಪ್ರತಿ ರೀಡಿಂಗಿಗೂ ಕರೆಂಟ್ ತಿರುಗಿಸಿ, ಎರಡರ ವ್ಯತ್ಯಾಸದ ಅರ್ಧ ಬರೆದುಕೊಳ್ಳಿ. ನೆಲದ ಸ್ವಂತ ವೋಲ್ಟೇಜ್ ಕಳೆದುಹೋಗುತ್ತದೆ.

ಕೆಡುವುದು ಎಲ್ಲಿ? ಇಬ್ಬನಿಯ ಬೆಳಗಿನಲ್ಲಿ, ಸಿಪ್ಪೆ ಕಿತ್ತ ವೈರಿನಲ್ಲಿ. ಒಂದು ಕರೆಂಟ್ ಸರಳನ್ನು ನೆಲದಿಂದ ಕಿತ್ತು ಸ್ವಿಚ್ ಒತ್ತಿ: ಮಿಲಿಆಂಪ್ ಸೊನ್ನೆ ಬರದಿದ್ದರೆ ವೈರ್ ಸೋರುತ್ತಿದೆ, ಆವತ್ತಿನ ಅಂಕಿಗಳೆಲ್ಲ ಕಸ. ಲಾಗ್-ಲಾಗ್ ಹಾಳೆಯಲ್ಲಿ (ಎರಡೂ ಬದಿಯ ಅಳತೆ ಹತ್ತು ಪಟ್ಟಿನಲ್ಲಿ ಏರುವ ಹಾಳೆ) ಎಬಿ/2ಕ್ಕೆ ರೆಸಿಸ್ಟಿವಿಟಿ ಹಾಕಿದ ಗೆರೆ 45 ಡಿಗ್ರಿಗಿಂತ ಕಡಿದಾಗಿ ಏರಿದರೆ ಪದರ ಪದರವಾದ ನೆಲ ಹಾಗೆ ಕೊಡಲು ಸಾಧ್ಯವೇ ಇಲ್ಲ. ಪಕ್ಕದಲ್ಲಿ ಬಂಡೆ ಎದ್ದಿದೆ, ಇಲ್ಲ ಜೋಡಣೆ ಕೆಟ್ಟಿದೆ. ಮುಳ್ಳುತಂತಿ ಬೇಲಿ, ಹಳೇ ಬೋರಿನ ಕೇಸಿಂಗ್ ಪೈಪು, ಟ್ರಾನ್ಸ್‌ಫಾರ್ಮರ್‌ನ ಅರ್ಥಿಂಗ್ ಇವುಗಳಿಂದ ಆದಷ್ಟು ದೂರ ಇರಿ. ಒಣ ಕೆಂಪುಮಣ್ಣಿನಲ್ಲಿ ಕರೆಂಟ್ ಸರಳಿಗೆ ಉಪ್ಪುನೀರು ಹುಯ್ಯುವುದು ಎಲ್ಲರಿಗೂ ಗೊತ್ತು. ಅದಕ್ಕೆ ನಾನು ಇನ್ನೊಂದು ಬೆರೆಸುತ್ತೇನೆ, ಏನೆಂದು ಹೇಳೆನು. ಕುಡಿಕೆಗಳ ಹತ್ತಿರ ಮಾತ್ರ ಉಪ್ಪು ಸುಳಿಯಬಾರದು.

ದುಡ್ಡಿನ ಮಾತು. ಪಾಯಿಂಟಿಗೆ ಮೂರು ಸಾವಿರ ತೆಗೆದುಕೊಂಡರೆ ಮೂವರ ಕೂಲಿ, ಪೆಟ್ರೋಲು ಕಳೆದು ಸಾವಿರ ಉಳಿದರೆ ಹೆಚ್ಚು. ರೈತನಿಗೆ ಒಂದು ಒಣ ಬೋರೆಂದರೆ ಒಂದೂವರೆ ಎರಡು ಲಕ್ಷ ಮಣ್ಣುಪಾಲು. ಹತ್ತರಲ್ಲಿ ಆರೇಳು ಕಡೆ ಒಂದೂವರೆ ಇಂಚಿಗೆ ಮೇಲೆ ನೀರು ಬಿದ್ದಿದೆ. ತೆಂಗಿನಕಾಯಿ ಹಿಡಿದವರು ತಮ್ಮ ಲೆಕ್ಕ ತೋರಿಸಲಿ. ಉಳಿದವು ಸಾವಿರ ಅಡಿಯ ಆಸೆಯಲ್ಲಿ ಕೊರೆದವು. 600 ಅಡಿ ಕೆಳಗಿನ ಗೇಣಗಲದ ಬಿರುಕನ್ನು ನೆಲದ ಮೇಲಿಂದ ಯಾವ ರೆಸಿಸ್ಟಿವಿಟಿ ಮೆಷಿನ್ನೂ ತೋರಿಸದು. ತೋರಿಸುತ್ತೇನೆ ಅನ್ನುವವರಿಗೆ ದುಡ್ಡು ಕೊಡಬೇಡಿ.

ಕರಿಕಲ್ಲಿನ ಡೈಕ್ (ಬಂಡೆಯ ನಡುವೆ ಗೋಡೆಯಂತೆ ನಿಂತ ಕಲ್ಲು) ಹುಡುಕಲು ಫೋನಿನ ಮ್ಯಾಗ್ನೆಟೋಮೀಟರ್ ಬಳಸಿದ್ದು ದಂಡ. ಡೈಕ್ ಕೊಡುವುದು ನೂರಾರು ನ್ಯಾನೋಟೆಸ್ಲಾ, ಫೋನಿನ ಗದ್ದಲವೇ ಸಾವಿರದ ಹತ್ತಿರ. ಫಲಿಸಿದ್ದು ಸುತ್ತಿಗೆ, ಅದು ಗಟ್ಟಿ ಬಂಡೆ ಎಷ್ಟು ಆಳಕ್ಕಿದೆ ಎಂದು ತಿಳಿಯಲು. 4.5 ಹರ್ಟ್ಜ್ ಜಿಯೋಫೋನನ್ನು (ನೆಲದ ಕಂಪನ ಹಿಡಿಯುವ ಸಾಧನ) ಲ್ಯಾಪ್‌ಟಾಪಿನ ಸೌಂಡ್ ಕಾರ್ಡಿಗೆ ಕೊಟ್ಟು, ಎರಡನೇ ಚಾನೆಲ್ಲಿಗೆ ಸುತ್ತಿಗೆಯ ಟ್ರಿಗರ್ ಕಟ್ಟಿ, ಕಬ್ಬಿಣದ ತಟ್ಟೆಯ ಮೇಲೆ ಹೊಡೆಯುವುದು. ಅಲೆಯ ವೇಗ ಶಿಥಿಲ ಪದರದಲ್ಲಿ ಸೆಕೆಂಡಿಗೆ 1200 ಮೀಟರ್, ಗಟ್ಟಿ ಬಂಡೆಯಲ್ಲಿ 4500, ದೂರಕ್ಕೆ ಅಲೆ ಬಂದ ಹೊತ್ತು ಹಾಕಿದ ಎರಡು ಗೆರೆ ಕೂಡುವುದು ಸುತ್ತಿಗೆಯಿಂದ 40 ಮೀಟರಿನಲ್ಲಿ ಅಂದರೆ ಬಂಡೆ 15 ಮೀಟರಿಗೆ, ಅಂದಾಜು 50 ಅಡಿಗೆ. ಕೇಸಿಂಗ್ ಎಷ್ಟು ತರಿಸಬೇಕು ಅನ್ನುವುದು ರಿಗ್ ಬರುವ ಮುಂಚೆಯೇ ತಿಳಿಯುತ್ತದೆ. ಗಾಳಿಯಿದ್ದರೆ ಜಿಯೋಫೋನನ್ನು ಅರ್ಧ ಅಡಿ ಹೂತು, ಎಂಟು ಹತ್ತು ಹೊಡೆತ ಕೂಡಿಸಿ.