ಮೊದಲ ಸೆಮಿಸ್ಟರ್‌ನ ಪ್ರಬಂಧ: ಪೀಠಿಕೆ ಬಿಡಿ, ವಾದ ಹಿಡಿಯಿರಿ

ಎಸ್ಸೆಸ್ಸೆಲ್ಸಿಯಿಂದ ಪಿಯುಸಿವರೆಗೆ ಪ್ರಬಂಧ ಎಂದರೆ ಮೂರು ಉಪಶೀರ್ಷಿಕೆ: ಪೀಠಿಕೆ, ವಿಷಯ ವಿವರಣೆ, ಉಪಸಂಹಾರ. ಪೀಠಿಕೆಗೆ ‘ಭಾರತ ಹಳ್ಳಿಗಳ ದೇಶ’, ಉಪಸಂಹಾರಕ್ಕೆ ‘ಇದು ನಮ್ಮೆಲ್ಲರ ಆದ್ಯ ಕರ್ತವ್ಯ’. ನಡುವೆ ಗೊತ್ತಿದ್ದದ್ದನ್ನೆಲ್ಲ ತುಂಬಿದರೆ ಅಂಕ ಬರುತ್ತಿತ್ತು. ಪದವಿಗೆ ಸೇರಿದ ಮೇಲೆ ಭಾಷಾ ತರಗತಿಯಲ್ಲಿ, ಕನ್ನಡವಾಗಲಿ ಇಂಗ್ಲಿಷಾಗಲಿ, ಅದೇ ಅಚ್ಚಿನಲ್ಲಿ ಬರೆದು ಕೊಟ್ಟವರ ಹಾಳೆ ‘ನೀವು ಹೇಳುತ್ತಿರುವುದೇನು?’ ಎಂಬ ಕೆಂಪು ಶಾಯಿಯ ಪ್ರಶ್ನೆ ಹೊತ್ತು ವಾಪಸ್ ಬರುತ್ತದೆ. ವಿಷಯ ಕಡಿಮೆಯಾಯಿತು ಎಂದುಕೊಂಡು ಇನ್ನೆರಡು ಪುಟ ಸೇರಿಸುವವರೇ ಹೆಚ್ಚು. ಕಡಿಮೆಯಾಗಿರುವುದು ವಿಷಯವಲ್ಲ, ವಾದ.

ಎಂಟುನೂರು ಪದದ ಪ್ರಬಂಧಕ್ಕೆ ಹನ್ನೆರಡು ದಿನ ಇಟ್ಟುಕೊಳ್ಳಿ. ಮೊದಲ ಎರಡು ದಿನ ಪೆನ್ನು ಹಿಡಿದು ಬರೆಯುವುದಕ್ಕಲ್ಲ, ವಿಷಯವನ್ನು ಕಿರಿದು ಮಾಡುವುದಕ್ಕೆ. ಮಂಡ್ಯದ ವಿದ್ಯಾರ್ಥಿಯೊಬ್ಬರು ‘ಸಕ್ಕರೆ ನಾಡು ಮಂಡ್ಯ’ ಎಂದು ಶೀರ್ಷಿಕೆ ಬರೆದರು ಎನ್ನಿ. ಇದರೊಳಗೆ ಕನ್ನಂಬಾಡಿ ಕಟ್ಟೆ, ವಿಶ್ವೇಶ್ವರಯ್ಯ ನಾಲೆ, 1933ರಲ್ಲಿ ಸ್ಥಾಪನೆಯಾದ ಮೈಸೂರು ಸಕ್ಕರೆ ಕಂಪನಿ, ಕಬ್ಬಿನ ಬಾಕಿ, ಆಲೆಮನೆ ಎಲ್ಲವೂ ನುಗ್ಗುತ್ತವೆ. ಎಂಟುನೂರು ಪದದಲ್ಲಿ ಇಷ್ಟಕ್ಕೂ ಜಾಗವಿಲ್ಲ. ಮೂರು ಸಲ ಸೋಸಿ: ಸಕ್ಕರೆ ನಾಡು ಹೋಗಿ ಆಲೆಮನೆಗಳು ಆಗಲಿ, ಆಲೆಮನೆಗಳು ಹೋಗಿ ಬೆಲ್ಲಕ್ಕೆ ಹೈಡ್ರೋಸ್ (ಬಣ್ಣ ತಿಳಿಯಾಗಿಸುವ ರಾಸಾಯನಿಕ) ಹಾಕುವ ರೂಢಿ ಆಗಲಿ, ಅದು ಹೋಗಿ ‘ಆ ರೂಢಿ ಯಾಕೆ ನಿಲ್ಲುತ್ತಿಲ್ಲ?’ ಎಂಬ ಪ್ರಶ್ನೆಯಾಗಲಿ. ಕೊನೆಗೆ ಪ್ರಶ್ನಾರ್ಥಕ ಚಿಹ್ನೆ ಬಂತೆಂದರೆ ಅರ್ಧ ದಾರಿ ಸವೆಯಿತು.

ಪ್ರಶ್ನೆಗೆ ನಿಮ್ಮ ಉತ್ತರವನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ‘ಹೈಡ್ರೋಸ್ ಬಳಕೆ ಕೆಟ್ಟದ್ದು’ ಎಂದರೆ ಯಾರೂ ಅಲ್ಲಗಳೆಯುವುದಿಲ್ಲ. ಯಾರೂ ಅಲ್ಲಗಳೆಯದ ಮಾತಿಗೆ ಪ್ರಬಂಧ ಬೇಕಿಲ್ಲ. ‘ಬೆಲ್ಲದ ಬೆಲೆಯನ್ನು ಬಣ್ಣ ನೋಡಿ ಕಟ್ಟುವವರೆಗೆ ಆಲೆಮನೆಯವರಿಗೆ ಬುದ್ಧಿ ಹೇಳಿ ಪ್ರಯೋಜನವಿಲ್ಲ’ ಎಂದು ನೋಡಿ. ಒಪ್ಪದವರು ಇದ್ದಾರೆ, ಸಾಕ್ಷ್ಯ ಕೇಳುತ್ತಾರೆ. ವಾದ ಎನ್ನುವುದು ಇದನ್ನೇ. ಚೀಟಿಯಲ್ಲಿ ಬರೆದು ಮೇಜಿನ ಮೇಲೆ ಅಂಟಿಸಿಕೊಳ್ಳಿ.

ಮೂರರಿಂದ ಆರನೆಯ ದಿನ ಓದು, ಓಡಾಟ. ಮೊದಲು ಕಾಲೇಜಿನ ಗ್ರಂಥಾಲಯ. ಜಿಲ್ಲೆಯ ಇತಿಹಾಸ, ಭೂಗೋಳ, ಕಸುಬುಗಳ ವಿವರವಿರುವ ಸರ್ಕಾರಿ ಗ್ರಂಥ ಜಿಲ್ಲಾ ಗ್ಯಾಸೆಟಿಯರ್ ಸಾಮಾನ್ಯವಾಗಿ ಆಕರಗ್ರಂಥಗಳ ಕಪಾಟಿನಲ್ಲಿರುತ್ತದೆ, ಮನೆಗೆ ಕೊಡುವುದಿಲ್ಲ, ಕೂತೇ ಓದಬೇಕು. ಟಿಪ್ಪಣಿ ಮಾಡುವಾಗಲೇ ಲೇಖಕರು, ಪುಸ್ತಕ, ಪ್ರಕಾಶಕರು, ವರ್ಷ, ಪುಟ ಐದನ್ನೂ ಬರೆದುಕೊಳ್ಳಿ. ಪುಟಸಂಖ್ಯೆ ಮರೆತವರು ಕೊನೆಯ ದಿನ ಮತ್ತೆ ಗ್ರಂಥಾಲಯಕ್ಕೆ ಓಡುತ್ತಾರೆ, ಅಂದು ರಜೆ ಇರುತ್ತದೆ. ಪುಸ್ತಕದ ಮಾತನ್ನು ಇದ್ದಂತೆಯೇ ಇಳಿಸಿಕೊಂಡರೆ ಟಿಪ್ಪಣಿಯಲ್ಲೇ ಉದ್ಧರಣ ಚಿಹ್ನೆ ಹಾಕಿ. ವಾರ ಕಳೆದ ಮೇಲೆ ಯಾವುದು ಪುಸ್ತಕದ್ದು, ಯಾವುದು ನಿಮ್ಮದು ಎಂದು ನಿಮಗೇ ತಿಳಿಯುವುದಿಲ್ಲ. ಗೊತ್ತಿಲ್ಲದೆ ಆಗುವ ಕೃತಿಚೌರ್ಯದ ಮೂಲ ಬಹುಪಾಲು ಈ ಟಿಪ್ಪಣಿ ಪುಸ್ತಕವೇ.

‘ಶೇ 10ರವರೆಗೆ ನಕಲು ಮಾಡಬಹುದಂತೆ’ ಎಂಬ ಮಾತೊಂದು ಹಾಸ್ಟೆಲ್‌ಗಳಲ್ಲಿ ಓಡಾಡುತ್ತದೆ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ಕೃತಿಚೌರ್ಯ ತಡೆ ನಿಯಮದಲ್ಲಿರುವ ಆ ಅಂಕಿ ಸಂಶೋಧನಾ ಬರಹಗಳಿಗೆ ಸಂಬಂಧಿಸಿದ್ದು. ಅಸೈನ್‌ಮೆಂಟು, ತರಗತಿಯ ಪ್ರಬಂಧಗಳನ್ನು ಆ ನಿಯಮ ಹೊರಗಿಟ್ಟಿದೆ. ನಿಮ್ಮ ವಿಷಯದಲ್ಲಿ ಮೇಷ್ಟ್ರು ಹೇಳಿದ್ದೇ ಕಾನೂನು. ಎಐ ಚಾಟ್‌ಬಾಟ್ ಕೊಡುವ ಪುಸ್ತಕಗಳ ಪಟ್ಟಿಯನ್ನೂ ಗ್ರಂಥಾಲಯದ ಕ್ಯಾಟಲಾಗ್‌ನಲ್ಲಿ ಹುಡುಕದೆ ಬಳಸಬೇಡಿ. ಇಲ್ಲದ ಪುಸ್ತಕಕ್ಕೆ ಪುಟಸಂಖ್ಯೆ ಸಮೇತ ವಿವರ ಕೊಡುವುದು ಅದಕ್ಕೆ ಸಲೀಸು.

ಆಲೆಮನೆಗೆ ಹೋದರೆ ‘ಯಾಕೆ ಹೈಡ್ರೋಸ್ ಹಾಕ್ತೀರ?’ ಎಂದು ಶುರು ಮಾಡಿದವರಿಗೆ ಉತ್ತರ ಸಿಗುವುದಿಲ್ಲ. ‘ಅಣ್ಣ, ಈ ವಾರ ಅಚ್ಚು ಬೆಲ್ಲ ಕ್ವಿಂಟಾಲ್‌ಗೆ ಎಷ್ಟಕ್ಕೆ ಹೋಯ್ತು? ಬಣ್ಣ ಕಮ್ಮಿ ಇದ್ದಿದ್ರೆ ಎಷ್ಟು ಮುರ್ಕೊಳ್ತಿದ್ರು?’ ಎಂದರೆ ಲೆಕ್ಕ ತಾನಾಗಿಯೇ ಬಿಚ್ಚಿಕೊಳ್ಳುತ್ತದೆ, ವಾದಕ್ಕೆ ಬೇಕಾದ ಅಂಕಿಯೂ ಅದೇ. ದಿನಾಂಕ, ಊರು ಬರೆದುಕೊಳ್ಳಿ. ಹೆಸರು ಹಾಕುವ ಮುನ್ನ ಅವರನ್ನು ಕೇಳಿ.

ಏಳನೆಯ ದಿನ ನಕ್ಷೆ: ಐದಾರು ಪ್ಯಾರಾ, ಪ್ರತಿಯೊಂದಕ್ಕೂ ಒಂದೊಂದು ವಾಕ್ಯ, ಅಷ್ಟೇ. ಇಂಗ್ಲಿಷ್ ಪ್ರಬಂಧವಾದರೂ ಕನ್ನಡ ಮಾಧ್ಯಮದಿಂದ ಬಂದವರು ಈ ನಕ್ಷೆಯನ್ನು ಕನ್ನಡದಲ್ಲೇ ಮಾಡಿಕೊಳ್ಳುವುದು ಒಳ್ಳೆಯದು. ಯೋಚನೆ, ಭಾಷೆ ಎರಡರ ಜೊತೆಗೂ ಒಂದೇ ಸಲ ಗುದ್ದಾಡಬೇಕಿಲ್ಲ.

ಎಂಟು, ಒಂಬತ್ತನೆಯ ದಿನ ಮೊದಲ ಕರಡು. ಹೆಚ್ಚು ಪ್ರಬಂಧಗಳು ಸೋಲುವುದು ಪ್ಯಾರಾ ಒಳಗೆ. ಇದನ್ನು ನೋಡಿ:

‘ಬೆಲ್ಲ ಆರೋಗ್ಯಕ್ಕೆ ಒಳ್ಳೆಯದು. ಮಂಡ್ಯದಲ್ಲಿ ಅನೇಕ ಆಲೆಮನೆಗಳಿವೆ. ಕೆಲವರು ಹೈಡ್ರೋಸ್ ಬಳಸುತ್ತಾರೆ. ಸರ್ಕಾರ ಕೂಡಲೇ ಕ್ರಮ ಕೈಗೊಳ್ಳಬೇಕು.’

ನಾಲ್ಕು ವಾಕ್ಯ, ನಾಲ್ಕು ದಿಕ್ಕು. ವ್ಯಾಕರಣ ತಪ್ಪಿಲ್ಲ, ಆದರೆ ಯಾವ ವಾಕ್ಯವೂ ಮುಂದಿನದನ್ನು ಕರೆಯುವುದಿಲ್ಲ. ವಾಕ್ಯಗಳನ್ನು ಹಿಂದುಮುಂದು ಮಾಡಿದರೂ ವ್ಯತ್ಯಾಸ ಆಗದಿದ್ದರೆ ಅದು ಪ್ಯಾರಾ ಅಲ್ಲ, ಪಟ್ಟಿ. ಈಗ ಹೀಗೆ:

‘ಕಬ್ಬಿನ ಹಾಲು ಕುದಿಯುವಾಗ ಮೇಲೇಳುವ ಕೊಳೆ ತೆಗೆಯಲು ಬೆಂಡೆ ಗಿಡದ ಲೋಳೆ ಸಾಕು. ಆದರೆ ಹಾಗೆ ಮಾಡಿದ ಬೆಲ್ಲ ಕಂದಾಗಿರುತ್ತದೆ. ಮಾರುಕಟ್ಟೆಯಲ್ಲಿ ಹೊಂಬಣ್ಣದ ಅಚ್ಚಿಗೇ ಹೆಚ್ಚು ಬೆಲೆ ಸಿಗುವುದಾದರೆ, ಕೊಪ್ಪರಿಗೆಗೆ ಹೈಡ್ರೋಸ್ ಹಾಕದವನೇ ನಷ್ಟ ಹೊರಬೇಕು.’

ಇಲ್ಲಿ ಕೊನೆಯ ವಾಕ್ಯವನ್ನು ಮೊದಲಿಗೆ ತಂದರೆ ಎಳೆ ಹರಿಯುತ್ತದೆ. ಒಂದು ಪ್ಯಾರಾವನ್ನು ಎದುರು ಮಾತಿಗೂ ಮೀಸಲಿಡಿ: ‘ಸಾವಯವ ಅಂಗಡಿಯಲ್ಲಿ ಕಂದು ಬೆಲ್ಲಕ್ಕೇ ಜಾಸ್ತಿ ಕೊಡುತ್ತಾರಲ್ಲ?’ ನಿಮ್ಮ ವಾದಕ್ಕೆ ಇದು ನಿಜವಾದ ಏಟು. ಅದನ್ನು ಬಚ್ಚಿಡದೆ, ಅಂಥ ಅಂಗಡಿಗಳಿಗೆ ಎಷ್ಟು ಬೆಲ್ಲ ಹೋಗುತ್ತದೆ, ಮಂಡಿಗೆ ಎಷ್ಟು ಹೋಗುತ್ತದೆ ಎಂದು ಆಲೆಮನೆಯವರನ್ನೇ ಕೇಳಿ ಉತ್ತರಿಸಿ. ಉತ್ತರ ನಿಮ್ಮ ವಾಕ್ಯಕ್ಕೆ ವಿರುದ್ಧ ಬಂದರೆ ಮೇಜಿನ ಮೇಲಿನ ಚೀಟಿಯನ್ನು ತಿದ್ದಿ. ಪೀಠಿಕೆಯನ್ನು ಕೊನೆಗೆ ಬರೆಯಿರಿ, ನಾಲ್ಕೈದು ಸಾಲು ಮೀರದಿರಲಿ.

ಹತ್ತನೆಯ ದಿನ ಕರಡು ಮುಟ್ಟಬೇಡಿ. ಹನ್ನೊಂದನೆಯ ದಿನ ಗಟ್ಟಿಯಾಗಿ ಓದಿ. ಉಸಿರು ಸಿಕ್ಕಿಕೊಳ್ಳುವ ಕಡೆ ವಾಕ್ಯ ಕತ್ತರಿಸಿ. ಪ್ರತಿ ಪ್ಯಾರಾ ಪಕ್ಕದ ಅಂಚಿನಲ್ಲಿ ಅದು ಹೇಳುವುದೇನೆಂದು ಪೆನ್ಸಿಲ್‌ನಲ್ಲಿ ಐದಾರು ಪದ ಬರೆಯಿರಿ. ಬರೆಯಲು ಆಗದಿದ್ದರೆ ಆ ಪ್ಯಾರಾದಲ್ಲಿ ಎರಡು ವಿಷಯ ಇದೆ, ಇಲ್ಲವೇ ಏನೂ ಇಲ್ಲ. ಕಾಗುಣಿತ ಕೊನೆಗೆ. ಹೊಡೆದುಹಾಕಬೇಕಾದ ಪ್ಯಾರಾದ ಒತ್ತಕ್ಷರ ತಿದ್ದುತ್ತ ಕೂರುವುದು ದಂಡ. ಮೇಡಂ ಹತ್ತಿರ ಹೋದರೆ ‘ಹೇಗಿದೆ ನೋಡಿ ಮೇಡಂ’ ಎನ್ನಬೇಡಿ, ‘ಚೆನ್ನಾಗಿದೆ’ ಎಂದು ಕಳಿಸುತ್ತಾರೆ. ‘ಮೂರನೇ ಪ್ಯಾರಾದಲ್ಲಿ ಬೆಲೆ ಲೆಕ್ಕದಿಂದ ನನ್ನ ತೀರ್ಮಾನ ಬರುತ್ತಾ ಮೇಡಂ?’ ಎಂದು ಬೆರಳಿಟ್ಟು ಕೇಳಿ.

ಹನ್ನೆರಡನೆಯ ದಿನ ಅಂತಿಮ ಪ್ರತಿ. ಕೈಬರಹವಾದರೆ ಎ4 ಹಾಳೆಯ ಒಂದೇ ಮಗ್ಗುಲಲ್ಲಿ, ಎಡಕ್ಕೆ ಒಂದೂವರೆ ಇಂಚು ಬಿಟ್ಟು ಬರೆಯಿರಿ. ಸಾಲಿಗೆ ಏಳು ಪದ, ಪುಟಕ್ಕೆ 22 ಸಾಲು ಹಿಡಿದರೆ ಎಂಟುನೂರು ಪದಕ್ಕೆ ಐದು ಪುಟ ದಾಟುತ್ತದೆ. ಟೈಪ್ ಮಾಡುವುದಾದರೆ ನುಡಿ ತಂತ್ರಾಂಶದಲ್ಲಿ ಯೂನಿಕೋಡ್ ಆಯ್ಕೆ ಮಾಡಿದ್ದೀರಾ ಎಂದು ಮೊದಲೇ ನೋಡಿ. ಹಳೆಯ ಆಸ್ಕಿ ಫಾಂಟಿನಲ್ಲಿ ಹೊಡೆದ ಕಡತ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿ ತೆರೆದುಕೊಳ್ಳುತ್ತದೆ. ಹಾಗೆ ಹೊಡೆದಾಗಿದ್ದರೆ ಪರಿವರ್ತಕಕ್ಕೆ ಹಾಕಿ ಬದಲಿಸಿ, ಆಮೇಲೆ ಅರ್ಕಾವತ್ತು, ಒತ್ತಕ್ಷರಗಳನ್ನು ಕಣ್ಣಾರೆ ನೋಡಿ. ಪರಿವರ್ತನೆಯಲ್ಲಿ ಕೆಡುವುದು ಅವೇ ಹೆಚ್ಚು. ಪಿಡಿಎಫ್ ಮಾಡಿ, ಅದನ್ನು ಸ್ನೇಹಿತರ ಮೊಬೈಲಿನಲ್ಲಿ ಒಮ್ಮೆ ತೆರೆದು ನೋಡಿದ ಮೇಲೆಯೇ ಕಳಿಸಿ.