ಸ್ಟಾಪ್ ಅಂದರೆ ಯಾವ ಸ್ಟಾಪ್? ಡೀಬಗರ್‌ನಲ್ಲಿ ಹೆಸರು ಹುಡುಕಾಟ ಸರಿಪಡಿಸಿದ ನನ್ನ ಅನುಭವ

ಬೆಳಗಾವಿಯ ಉದ್ಯಮಬಾಗದಲ್ಲಿ ನಮ್ಮದೊಂದು ಸಣ್ಣ ತಂಡ. ಬಿಡಿಭಾಗಗಳನ್ನು ಪರೀಕ್ಷೆ ಮಾಡುವ ಬೆಂಚುಗಳಿಗೆ ಸಾಫ್ಟ್‌ವೇರ್ ಬರೆಯುತ್ತೇವೆ. ಒಂದೇ ಪ್ರೋಗ್ರಾಂ ಒಳಗೆ ಮೂರು ಭಾಷೆ. ಮೋಟರ್ ನಡೆಸುವ ಭಾಗ ಸಿ++, ಸಂದೇಶ ಕಳಿಸುವ ಭಾಗ ರಸ್ಟ್, ಅಳತೆಯ ಲೆಕ್ಕ ಹಾಕುವ ಹಳೆಯ ಭಾಗ ಅಡಾ. ಇದಕ್ಕೆ ಅಂತಲೇ ಒಂದು ಚಿಕ್ಕ ಡೀಬಗರ್, ಅಂದರೆ ಪ್ರೋಗ್ರಾಂ ಅನ್ನು ನಡುವೆ ನಿಲ್ಲಿಸಿ ತಪ್ಪು ಹುಡುಕುವ ಸಾಧನ, ಬರೆದುಕೊಂಡಿದ್ದೇವೆ. ಅದರಲ್ಲಿ ಹೆಸರು ಹುಡುಕುವ ಭಾಗ ನನ್ನದು.

ಕಳೆದ ಮಳೆಗಾಲದಲ್ಲಿ ಒಂದು ಮಧ್ಯಾಹ್ನ, ಖಾನಾಪುರದಿಂದ ದಿನಾ ರೈಲಿನಲ್ಲಿ ಬರುವ ಹುಡುಗ ನನ್ನನ್ನು ಬೆಂಚಿನ ಹತ್ತಿರ ಕರೆದ.

"ಅಕ್ಕಾರ, ಸ್ಟಾಪ್‌ಗೆ ಬ್ರೇಕ್‌ಪಾಯಿಂಟ್ ಹಾಕೀನ್ರಿ. ಮೋಟರ್ ನಿಲ್ಲೂ ಜಾಗದಾಗ ನಿಂದ್ರವಲ್ದು ನೋಡ್ರಿ. ಮೆಸೇಜ್ ನಿಲ್ಲೂ ಕಡೆ ಹೋಗಿ ನಿಂತೈತಿ."

ಬ್ರೇಕ್‌ಪಾಯಿಂಟ್ ಅಂದರೆ ಪ್ರೋಗ್ರಾಂ ಬಂದು ನಿಲ್ಲಬೇಕಾದ ಜಾಗದ ಗುರುತು. ಸ್ಟಾಪ್ ಅನ್ನುವ ಹೆಸರಿನ ಫಂಕ್ಷನ್ (ಒಂದು ಕೆಲಸ ಮಾಡುವ ಕೋಡಿನ ತುಂಡು) ನಮ್ಮ ಮೂರೂ ಭಾಷೆಯ ಭಾಗಗಳಲ್ಲಿದೆ. ನಾನು ಅದನ್ನೇ ಇನ್ನೊಮ್ಮೆ ಟೈಪ್ ಮಾಡಿದೆ. ಈ ಸಲ ಸರಿಯಾಗಿ ಮೋಟರ್‌ನ ಸ್ಟಾಪ್‌ನಲ್ಲೇ ನಿಂತಿತು. ಒಂದೇ ಕಮಾಂಡ್, ಎರಡು ಉತ್ತರ. ನನಗೆ ನಿಜಕ್ಕೂ ಭಯವಾಯಿತು. ಡೀಬಗರ್ ಮೇಲಿನ ನಂಬಿಕೆ ಹೋದರೆ ಆಮೇಲೆ ಯಾವ ಬಗ್ ಅಂತ ಹುಡುಕುವುದು?

ಸಂಜೆ ತನಕ ಕೂತು ನೋಡಿದಾಗ ಗೊತ್ತಾಯಿತು. ಪ್ರೋಗ್ರಾಂ ರಸ್ಟ್ ಕೋಡಿನಲ್ಲಿ ನಿಂತಿರುವಾಗ ಕೇಳಿದರೆ ರಸ್ಟ್‌ನ ಸ್ಟಾಪ್ ಸಿಗುತ್ತಿತ್ತು. ಸಿ++ ಕೋಡಿನಲ್ಲಿ ನಿಂತಿರುವಾಗ ಕೇಳಿದರೆ ಸಿ++ನ ಸ್ಟಾಪ್. ಹೆಸರು ಹೋಲಿಸುವ ನಿಯಮವನ್ನು ನಾನು ಈಗ ನಿಂತಿರುವ ಜಾಗದ ಭಾಷೆಯಿಂದ ಆರಿಸಿದ್ದೆ. ಡೀಬಗರ್‌ಗೆ ಟೈಪ್ ಮಾಡಿ ಕೊಟ್ಟ ಲೆಕ್ಕದ ಸಾಲು ಬಿಡಿಸುವಾಗ ಅದು ಸರಿಯೇ. ನಿಂತ ಜಾಗ ರಸ್ಟ್ ಆಗಿದ್ದರೆ ಸಾಲನ್ನೂ ರಸ್ಟ್ ಥರಾನೇ ಓದಬೇಕು, ಅಲ್ವಾ? ಅದೇ ಯೋಚನೆಯನ್ನು ಹೆಸರಿಗೂ ಎಳೆದುಬಿಟ್ಟಿದ್ದೆ. ತಪ್ಪಾದದ್ದು ಅಲ್ಲಿ. ಹೆಸರು ಹುಡುಕುವವನದಲ್ಲ, ಫಂಕ್ಷನ್‌ನದು. ಆ ಫಂಕ್ಷನ್ ಯಾವ ಭಾಷೆಯಲ್ಲಿ ಹುಟ್ಟಿದೆಯೋ ಆ ಭಾಷೆಯ ನಿಯಮದಲ್ಲೇ ಅದರ ಹೆಸರನ್ನು ಓದಬೇಕು.

ಹುಡುಗನಿಗೆ ನಮ್ಮ ರೈಲ್ವೆ ಸ್ಟೇಷನ್ ತೋರಿಸಿಯೇ ವಿವರಿಸಿದೆ. 2014ರ ನವೆಂಬರ್ 1ಕ್ಕೆ ಬೆಲ್ಗಾಂ ಹೋಗಿ ಬೆಳಗಾವಿ ಆಯಿತು. ಬೋರ್ಡ್ ಬದಲಾಯಿತು. ಆದರೆ ಟಿಕೆಟ್ ಮೇಲಿನ ಕೋಡ್ ಇವತ್ತಿಗೂ ಬಿಜಿಎಂ. ಜನ ಬಾಯಲ್ಲಿ ಹೇಳುವ ಹೆಸರು ಒಂದು, ಯಂತ್ರ ಹಿಡಿದಿಟ್ಟ ಹೆಸರು ಇನ್ನೊಂದು. ನಾವು ಬರೆದ ಕೋಡನ್ನು ಯಂತ್ರದ ಭಾಷೆಗೆ ಇಳಿಸುವ ಕಂಪೈಲರ್ ಕೂಡ ಹಾಗೇ. ನಾವು ಮೋಟರ್::ಸ್ಟಾಪ್ (ಮೋಟರ್ ಒಳಗಿನ ಸ್ಟಾಪ್) ಅಂತ ಬರೆದದ್ದನ್ನು ಸಿ++ ಕಂಪೈಲರ್ ‘_ಝಡ್‌ಎನ್5ಮೋಟರ್4ಸ್ಟಾಪ್‌ಇವಿ’ ಅಂತ ಮಡಚಿ ಇಡುತ್ತದೆ. ಮೋಟರ್‌ಗೆ ಇಂಗ್ಲಿಷಿನಲ್ಲಿ 5 ಅಕ್ಷರ, ಸ್ಟಾಪ್‌ಗೆ 4. ಕೊನೆಯ ‘ಇ’ ಅಂದರೆ ಹೆಸರು ಮುಗಿಯಿತು, ‘ವಿ’ ಅಂದರೆ ಆರ್ಗ್ಯುಮೆಂಟ್ (ಫಂಕ್ಷನ್‌ಗೆ ಕೊಡುವ ಮಾಹಿತಿ) ಇಲ್ಲ. ಅಡಾ ಕಂಪೈಲರ್ ಎಲ್ಲವನ್ನೂ ಸಣ್ಣಕ್ಷರ ಮಾಡಿ, ಚುಕ್ಕೆ ಇದ್ದಲ್ಲಿ ಎರಡು ಅಂಡರ್‌ಸ್ಕೋರ್ ಹಾಕುತ್ತದೆ. ಬರೆಯುವವರು ದೊಡ್ಡಕ್ಷರದಲ್ಲಿ ಬರೆದರೂ ಅಡಾಗೆ ಲೆಕ್ಕಕ್ಕಿಲ್ಲ. ಸಿ++ಗೂ ರಸ್ಟ್‌ಗೂ ಅದು ತುಂಬಾ ಮುಖ್ಯ.

ಫಂಕ್ಷನ್ ಯಾವ ಭಾಷೆಯದು ಅಂತ ತಿಳಿಯುವುದು ಸುಲಭ, ಡೀಬಗ್ ಮಾಹಿತಿ ಇದ್ದರೆ. ಆ ಮಾಹಿತಿ ಬರೆದಿಡುವ ಡ್ವಾರ್ಫ್ ಅನ್ನುವ ನಮೂನೆಯಲ್ಲಿ ಪ್ರತಿ ಕಂಪೈಲ್ ಯೂನಿಟ್‌ಗೂ (ಒಂದು ಸಲಕ್ಕೆ ಕಂಪೈಲ್ ಆಗುವ ಕೋಡಿನ ಭಾಗ) ಭಾಷೆಯ ನಂಬರ್ ಇರುತ್ತದೆ: ಸಿ++ಗೆ 4, ಅಡಾ 95ಕ್ಕೆ 13, ರಸ್ಟ್‌ಗೆ 28. ಅದನ್ನು ಓದಿ ಪ್ರತಿ ಹೆಸರಿನ ಜೊತೆ ಇಟ್ಟುಕೊಂಡೆ. ಡೀಬಗ್ ಮಾಹಿತಿ ಇಲ್ಲದ ಲೈಬ್ರರಿಗಳದ್ದೇ ಕಷ್ಟ. ಅಲ್ಲಿ ಬರೀ ಮಡಚಿದ ಹೆಸರು ಸಿಗುತ್ತದೆ, ಅದನ್ನು ನೋಡಿಯೇ ಊಹಿಸಬೇಕು. ರಸ್ಟ್‌ನ ಹಳೆಯ ಶೈಲಿಯ ಹೆಸರು ಕೂಡ ಸಿ++ ಥರಾನೇ ‘_ಝಡ್‌ಎನ್’ ಇಂದ ಶುರುವಾಗುತ್ತದೆ. ಕೊನೆಗೆ ಮಾತ್ರ ‘17ಎಚ್’ ಅಂತ ಬಂದು, ಅದರ ಮುಂದೆ 16 ಹೆಕ್ಸ್ ಅಂಕಿ ಇರುತ್ತವೆ. ಸಿ++ ಬಿಡಿಸುವ ಕೋಡ್ ಮೊದಲು ಓಡಿದರೆ ಅದನ್ನು ತನ್ನದೇ ಅಂತ ಒಪ್ಪಿಕೊಂಡುಬಿಡುತ್ತದೆ. ಅದಕ್ಕೇ ರಸ್ಟ್ ಹೌದಾ ಅಂತ ಮೊದಲು ಕೇಳಬೇಕು, ಸಿ++ ಆಮೇಲೆ. ಈ ಸರದಿ ಬದಲಾಯಿಸಿದ್ದು ಎರಡೇ ಸಾಲಿನ ಕೆಲಸ.

ಅಡಾ ಹೌದಾ ಅಂತ ಮಾತ್ರ ಊಹೆ ಮಾಡಲೇಬಾರದು ಅಂತ ತೀರ್ಮಾನಿಸಿದೆ. ಎರಡು ಅಂಡರ್‌ಸ್ಕೋರ್ ಇರುವ ಸಿ ಫಂಕ್ಷನ್‌ಗಳು ಲೈಬ್ರರಿಗಳಲ್ಲಿ ಬೇಕಾದಷ್ಟಿವೆ. ಅವನ್ನೆಲ್ಲ ಅಡಾ ಅಂತ ತಿಳಿದು ಚುಕ್ಕೆ ಹಾಕಿ ಒಡೆದರೆ ಇಲ್ಲದ ಪ್ಯಾಕೇಜುಗಳು ಹುಟ್ಟಿಕೊಳ್ಳುತ್ತವೆ.

ಹೋಲಿಕೆಯ ಕೋಡ್ ಮುಗಿಸಿದೆ. ಟೆಸ್ಟ್ ಎಲ್ಲಾ ಪಾಸ್. ಬೆಂಚಿಗೆ ಹಾಕಿದರೆ ಸ್ಟಾಪ್ ಅನ್ನುವ ಹೆಸರೇ ಇಲ್ಲ ಅಂತು!

ಇಡೀ ಕೆಲಸದಲ್ಲಿ ನಾನು ಜಾಸ್ತಿ ಕಲಿತದ್ದು ಇಲ್ಲೇ. ಸಾವಿರಾರು ಹೆಸರುಗಳನ್ನು ಒಂದೊಂದಾಗಿ ಹೋಲಿಸುತ್ತಾ ಕೂರಲು ಆಗುವುದಿಲ್ಲ. ಅದಕ್ಕೆ ಹ್ಯಾಶ್ ಟೇಬಲ್ ಬೇಕು. ಅಂಚೆ ಕಚೇರಿಯಲ್ಲಿ ಬೀದಿವಾರು ಗೂಡುಗಳಿರುತ್ತವಲ್ಲ, ಹಾಗೆ. ಮೊದಲು ಗೂಡು ಹುಡುಕು, ಆಮೇಲೆ ಆ ಗೂಡಿನೊಳಗೆ ಮಾತ್ರ ಹೋಲಿಸು. ನಾನು ಪೂರ್ತಿ ಹೆಸರಿನ ಹ್ಯಾಶ್ (ಹೆಸರಿನಿಂದ ಲೆಕ್ಕ ಹಾಕಿದ, ಗೂಡು ತೋರಿಸುವ ನಂಬರ್) ತೆಗೆದು ಗೂಡಿಗೆ ಹಾಕಿದ್ದೆ. ಬರೀ ಸ್ಟಾಪ್ ಅಂತ ಕೇಳಿದರೆ ಡೀಬಗರ್ ಬೇರೆ ಗೂಡಿಗೆ ಹೋಗುತ್ತದೆ. ಅಲ್ಲಿ ಮೋಟರ್::ಸ್ಟಾಪ್ ಇರುವುದೇ ಇಲ್ಲ. ಹೋಲಿಸುವ ಕೋಡ್ ಎಷ್ಟು ಸರಿಯಿದ್ದರೇನು, ಅದರ ಪಾಳಿಯೇ ಬರುವುದಿಲ್ಲ. ಎರಡು ಹೆಸರು ಒಂದೇ ಅಂತ ಹೋಲಿಕೆ ಹೇಳುವುದಾದರೆ ಅವೆರಡೂ ಒಂದೇ ಗೂಡಿಗೆ ಬೀಳಲೇಬೇಕು. ಟೆಸ್ಟ್‌ಗಳು ಪಾಸಾದದ್ದು ಯಾಕೆ ಅಂದರೆ, ಸಣ್ಣ ಪ್ರೋಗ್ರಾಂಗಳಿಗೆ ನಾವು ಟೇಬಲ್ ಕಟ್ಟುವುದೇ ಇಲ್ಲ, ಸುಮ್ನೆ ಸಾಲಾಗಿ ಓದುತ್ತೇವೆ.

ಹಾಗಾಗಿ ಹೆಸರಿನ ಕೊನೆಯ ತುಂಡಿನ ಹ್ಯಾಶ್ ಮಾತ್ರ ತೆಗೆಯುವಂತೆ ಮಾಡಿದೆ. ಹೇಗೆ ತುಂಡು ಮಾಡಬೇಕು ಅನ್ನುವುದು ಆಯಾ ಭಾಷೆಗೆ ಬಿಟ್ಟದ್ದು. ಹುಡುಕುವಾಗ ಕೇಳಿದ ಹೆಸರನ್ನು ಪ್ರತಿ ಭಾಷೆಯ ಪ್ರಕಾರ ಒಂದು ಸಲ ಸಿದ್ಧಮಾಡಿಕೊಂಡು, ಆಯಾ ಗೂಡಿನಲ್ಲಿ ನೋಡುತ್ತೇವೆ.

ತುಂಡು ಮಾಡುವುದರಲ್ಲೂ ಒಂದು ಪೆಟ್ಟು ಬಿತ್ತು. ಸಿ++ ಹೆಸರಿನಿಂದ ಆರ್ಗ್ಯುಮೆಂಟ್ ಕತ್ತರಿಸಲು ಮೊದಲ ಆವರಣ ಚಿಹ್ನೆ ಎಲ್ಲಿದೆಯೋ ಅಲ್ಲಿಗೆ ಕತ್ತರಿಸಿದ್ದೆ. ಆದರೆ ಹೆಸರಿಲ್ಲದ ನೇಮ್‌ಸ್ಪೇಸ್‌ನ (ಹೆಸರುಗಳನ್ನು ಗುಂಪು ಮಾಡಿ ಇಡುವ ಜಾಗ) ಫಂಕ್ಷನ್ ಬಿಡಿಸಿದಾಗ ‘(ಅನಾನಿಮಸ್ ನೇಮ್‌ಸ್ಪೇಸ್)::ರೀಸೆಟ್()’ ಅಂತ ಬರುತ್ತದೆ. ಮೊದಲ ಅಕ್ಷರವೇ ಆವರಣ! ಕತ್ತರಿಸಿದ ಮೇಲೆ ಉಳಿಯುವುದು ಖಾಲಿ ಹೆಸರು. ಅಂಥವೆಲ್ಲ ಒಂದೇ ಗೂಡಿನಲ್ಲಿ ಗುಡ್ಡೆ ಬಿದ್ದಿದ್ದವು. ‘ಆಪರೇಟರ್()’ ಕೂಡ ಹಾಗೇ ಕತ್ತರಿಸಿಹೋಗಿತ್ತು. ಟೆಂಪ್ಲೇಟಿನ (ಬೇರೆ ಬೇರೆ ಟೈಪ್‌ಗೆ ಬಳಸುವ ಸಿ++ ಅಚ್ಚು) ಕೋನದ ಬ್ರಾಕೆಟ್ ಎಣಿಸುತ್ತಾ ಹೋದರೆ ‘ಆಪರೇಟರ್<<’ ಬಂದಾಗ ಲೆಕ್ಕ ತಪ್ಪುತ್ತದೆ. ಇಂಥ ಹೆಸರುಗಳನ್ನೆಲ್ಲ ಒಂದು ನೋಟ್‌ಬುಕ್‌ನಲ್ಲಿ ಕೈಯಲ್ಲಿ ಬರೆದಿಟ್ಟುಕೊಂಡು ಪ್ರತಿಯೊಂದಕ್ಕೂ ಟೆಸ್ಟ್ ಮಾಡಿದೆ. ಈ ಸಲ ದೊಡ್ಡ ಪ್ರೋಗ್ರಾಂ ಮೇಲೂ ಓಡಿಸಿದೆ.

ಈಗ ಸ್ಟಾಪ್ ಅಂದರೆ ಮೂರೂ ಭಾಷೆಯ ಸ್ಟಾಪ್‌ಗಳಲ್ಲಿ ಬ್ರೇಕ್‌ಪಾಯಿಂಟ್ ಬೀಳುತ್ತದೆ. ಎಷ್ಟು ಕಡೆ ಬಿತ್ತು ಅಂತಲೂ ತೋರಿಸುತ್ತೇವೆ. ಹುಡುಗ ನೋಡಿ ಹೇಳಿದ: "ಇಷ್ಟೆಲ್ಲಾ ಬ್ಯಾಡ್ರಿ ಅಕ್ಕಾರ, ನನಗ ಮೋಟರ್‌ದ ಒಂದ ಸಾಕು."

ಅವನ ಮಾತು ಸರಿ. ಮೋಟರ್::ಸ್ಟಾಪ್ ಅಂತ ಬರೆದರೂ, ಅದಕ್ಕಿಂತ ಹೊರಗೆ ಇನ್ನೊಂದು ನೇಮ್‌ಸ್ಪೇಸ್‌ನಲ್ಲಿ ಮೋಟರ್ ಇದ್ದರೆ ಅದೂ ಸಿಕ್ಕುತ್ತದೆ. 2018ರ ಜನವರಿಯಲ್ಲಿ ಬಂದ ಜಿಡಿಬಿ ಅನ್ನುವ ಡೀಬಗರ್‌ನ 8.1ನೇ ಆವೃತ್ತಿಯಲ್ಲಿ ಸಿ++ ಹೆಸರಿಗೆ ಇದೇ ಥರ ಎಲ್ಲಾ ನೇಮ್‌ಸ್ಪೇಸ್‌ಗಳಲ್ಲಿ ಹುಡುಕುವ ಪದ್ಧತಿ ಶುರುವಾಯಿತು. ಬೇಡದವರಿಗೆ ‘-ಕ್ವಾಲಿಫೈಡ್’ ಅನ್ನುವ ಆಯ್ಕೆಯನ್ನೂ ಕೊಟ್ಟರು. ನಾವೂ ಅಂಥದ್ದೊಂದು ಸೇರಿಸಿದೆವು: ಬರೆದದ್ದೇ ಪೂರ್ತಿ ಹೆಸರು, ಹಿಂದೆ ಏನೂ ಇರಬಾರದು.

ಅವನು ಅದನ್ನು ಹಾಕಿ ಮೋಟರ್ ಓಡಿಸಿದ. ಪರದೆಯ ಮೇಲೆ ಒಂದೇ ಜಾಗ ತೋರಿಸಿತು. ಮೋಟರ್‌ಗೆ ಕರೆಂಟ್ ಕಡಿಯುವ ಸಾಲಿನ ಮೇಲೆ ಪ್ರೋಗ್ರಾಂ ನಿಂತಿತ್ತು.