ಮೀಟರ್‌ನಲ್ಲಿ ಸೊನ್ನೆ, ಕೊಳವೆಯಲ್ಲಿ ಮಂಕು ಬೆಳಕು

ಬೆಂಗಳೂರಿನ ನಮ್ಮ ಕಾಲೇಜಿನ ಲ್ಯಾಬಿನಲ್ಲಿ 5 ಸೆಂ.ಮೀ. ವ್ಯಾಸದ ಕ್ವಾರ್ಟ್ಜ್ ಕೊಳವೆಯೊಂದಿದೆ. ಅದಕ್ಕೆ ತಾಮ್ರದ ಕಾಯಿಲ್ ಮೂರು ಸುತ್ತು ಸುತ್ತಿದ್ದೇನೆ. ಕಾಯಿಲ್ ಒಳಗೆ ತಣ್ಣೀರು ಹರಿಯುತ್ತದೆ. 13.56 ಮೆಗಾಹರ್ಟ್ಜ್‌ನ ಜನರೇಟರ್, ನಡುವೆ ಪವರ್ ವಾಪಸ್ ಬಾರದಂತೆ ಎರಡನ್ನೂ ಹೊಂದಿಸಲು ನಾನೇ ಕಟ್ಟಿದ ಮ್ಯಾಚಿಂಗ್ ಬಾಕ್ಸ್. ಹೈಡ್ರೋಜನ್ ಪ್ಲಾಸ್ಮಾಕ್ಕೆ, ಅಂದರೆ ಎಲೆಕ್ಟ್ರಾನ್‌ಗಳು ಬೇರ್ಪಟ್ಟು ಹೊಳೆಯುವ ಅನಿಲಕ್ಕೆ, ರೇಡಿಯೊ ಅಲೆಯಿಂದ ಶಕ್ತಿ ಊಡುವುದು ನನ್ನ ಕೆಲಸ.

ಆರ್ಗಾನ್ ಸಲೀಸಾಗಿ ಒಲಿಯಿತು. ಹೈಡ್ರೋಜನ್ ಮಾತ್ರ ಎರಡು ತಿಂಗಳು ಸತಾಯಿಸಿತು. ಅದು ಜೋಡಿ ಪರಮಾಣುವಿನ ಅಣು. ಎಲೆಕ್ಟ್ರಾನ್ ಗಳಿಸಿದ ಶಕ್ತಿಯಲ್ಲಿ ಬಹುಪಾಲು ಅಣುವನ್ನು ಕಂಪಿಸುವಂತೆ ಮಾಡುವುದಕ್ಕೆ, ಒಡೆಯುವುದಕ್ಕೇ ಖರ್ಚಾಗುತ್ತದೆ. ಒಡೆಯಲು ಸುಮಾರು 4.5 ಎಲೆಕ್ಟ್ರಾನ್‌ವೋಲ್ಟ್, ಆಮೇಲೆ ಪರಮಾಣುವನ್ನು ಅಯಾನು ಮಾಡಲು 13.6. ಹುಟ್ಟಿದ ಅಯಾನುಗಳೂ ಹಗುರ, ಬೇಗ ಗೋಡೆ ಸೇರಿಬಿಡುತ್ತವೆ.

ನನಗೆ ಬೇಕಿದ್ದದ್ದು ಮಂಕು ಬೆಳಕಿನಿಂದ ಗಾಢ ಕೆಂಪಿಗೆ ಒಮ್ಮೆಲೇ ಆಗುವ ಜಿಗಿತ. ಮೊದಲು ಪ್ಲಾಸ್ಮಾ ಹೊತ್ತುವುದು ಕಾಯಿಲ್‌ನ ವೋಲ್ಟೇಜ್‌ನಿಂದ. ಆಗ ಬೆಳಕು ತಿಳಿ ಗುಲಾಬಿ, ಮಂಕು. ಕಾಯಿಲ್‌ನ ಕರೆಂಟ್ ಒಂದು ಮಿತಿ ದಾಟಿದರೆ ಅದರ ಕಾಂತಕ್ಷೇತ್ರವೇ ಪ್ಲಾಸ್ಮಾದೊಳಗೆ ಕರೆಂಟ್ ಸುತ್ತಿಸಲು ಶುರುಮಾಡುತ್ತದೆ. ಸಾಂದ್ರತೆ ಒಮ್ಮೆಲೇ ಏರಿ, ಹೈಡ್ರೋಜನ್ ಪರಮಾಣುವಿನ 656.3 ನ್ಯಾನೊಮೀಟರ್‌ನ ಕೆಂಪು ಎದ್ದು ಬರುತ್ತದೆ. ನಾನು 600 ವ್ಯಾಟ್ ಕೊಟ್ಟೆ, ಮೀಟರ್‌ನಲ್ಲಿ ವಾಪಸ್ ಬರುವ ಪವರ್ ಹತ್ತಿರ ಹತ್ತಿರ ಸೊನ್ನೆ. ಆದರೂ ಕೊಳವೆ ಮಂಕಾಗಿಯೇ ಇತ್ತು.

ಸೊನ್ನೆ ಎಂದರೆ ಪವರೆಲ್ಲ ಪ್ಲಾಸ್ಮಾಕ್ಕೆ ಹೋಯಿತು ಎಂದೇ ಅಂದುಕೊಂಡಿದ್ದೆ. ಆ ಮೀಟರ್ ಹೇಳುವುದು ಜನರೇಟರ್‌ಗೆ ಏನೂ ಮರಳಲಿಲ್ಲ ಎಂಬುದಷ್ಟನ್ನೇ. ಮಧ್ಯದಲ್ಲಿ ಯಾರು ತಿಂದರು ಎಂಬುದು ಅದಕ್ಕೆ ಗೊತ್ತಿಲ್ಲ. ಅನಿಲವನ್ನೆಲ್ಲ ಎಳೆದು ತೆಗೆದು, ಪ್ಲಾಸ್ಮಾ ಇಲ್ಲದೆ ಟ್ಯೂನ್ ಮಾಡಿ 50 ವ್ಯಾಟ್ ಕೊಟ್ಟು ಕಾಯಿಲ್‌ನ ಕರೆಂಟ್ ಅಳೆದೆ: 10.5 ಆಂಪಿಯರ್. ಅಂದರೆ ಸರ್ಕ್ಯೂಟ್‌ನದೇ ರೋಧ 0.45 ಓಮ್. ಪ್ಲಾಸ್ಮಾ ಇದ್ದಾಗ ಹರಿಯುತ್ತಿದ್ದದ್ದು 34 ಆಂಪಿಯರ್. ಲೆಕ್ಕ ಹಾಕಿ ಸುಮ್ಮನೆ ಕೂತೆ. 600ರಲ್ಲಿ 520 ವ್ಯಾಟ್ ಬಾಕ್ಸ್ ಮತ್ತು ಕಾಯಿಲ್‌ನಲ್ಲೇ ಬಿಸಿಯಾಗಿ ಹೋಗುತ್ತಿತ್ತು.

ಬಾಕ್ಸ್ ಬಿಚ್ಚಿದಾಗ ಬೋಲ್ಟ್‌ಗಳ ಕೆಳಗಿನ ವಾಷರ್‌ಗಳು ಅಂಚಿನಲ್ಲಿ ಕಪ್ಪಾಗಿದ್ದವು. ಎಸ್‌.ಪಿ. ರೋಡ್‌ನಿಂದ ನಾನೇ ತಂದ ಎಂಟು ಹಳದಿ ವಾಷರ್‌ಗಳು. ಹಿತ್ತಾಳೆಯೆಂದೇ ನಂಬಿ ಹಾಕಿದ್ದೆ. ನಮ್ಮ ಲ್ಯಾಬ್ ಅಸಿಸ್ಟೆಂಟ್ ಬೋರ್ಡಿನ ಮೇಲಿದ್ದ ಮ್ಯಾಗ್ನೆಟ್ ಕಿತ್ತು ತಂದು ಹಿಡಿದರು. "ಮೇಡಂ, ಅಂಟ್ಕೊಳ್ತಾ ಇದೆ ನೋಡಿ. ಇದು ಕಬ್ಬಿಣ, ಮೇಲೆ ಬಣ್ಣ ಅಷ್ಟೇ." ಸತುವಿನ ಹಳದಿ ಲೇಪ! ಈ ಆವರ್ತನದಲ್ಲಿ ತಾಮ್ರದಲ್ಲೇ ಕರೆಂಟ್ ಹರಿಯುವುದು ಮೇಲ್ಮೈಯ ಸುಮಾರು 18 ಮೈಕ್ರಾನ್ ಪದರದಲ್ಲಿ. ಕಬ್ಬಿಣದಂಥ ಕಾಂತೀಯ ಲೋಹದಲ್ಲಿ ಪದರ ಇನ್ನೂ ತೆಳು, ನಷ್ಟ ಬಹಳ ಜಾಸ್ತಿ.

ಎಲ್ಲವನ್ನೂ ತೆಗೆದು ಹಿತ್ತಾಳೆಯದೇ ಹಾಕಿದೆ, ತಾಮ್ರದ ಪಟ್ಟಿಗಳನ್ನು ಅಗಲ ಮಾಡಿ ಉಜ್ಜಿ ಹೊಳಪು ತಂದೆ. ರೋಧ 0.25 ಓಮ್‌ಗೆ ಇಳಿಯಿತು. ಮತ್ತೆ ಹೈಡ್ರೋಜನ್ ಬಿಟ್ಟು ಪವರ್ ಏರಿಸುತ್ತ ಹೋದೆ. ಕರೆಂಟ್ 40 ಆಂಪಿಯರ್ ದಾಟುತ್ತಿದ್ದಂತೆ ಕೊಳವೆಯ ನಡುಭಾಗ ಗಾಢ ಕೆಂಪಾಯಿತು, ಮ್ಯಾಚಿಂಗ್ ತಪ್ಪಿ ವಾಪಸ್ ಪವರ್ ಜಿಗಿಯಿತು. ಕೆಪಾಸಿಟರ್ ತಿರುಗಿಸಿ ಮತ್ತೆ ಸರಿಹೊಂದಿಸಿದಾಗ 600 ವ್ಯಾಟ್‌ಗೆ ಕರೆಂಟ್ 24ಕ್ಕೆ ಬಂದು ನಿಂತಿತು. ನಷ್ಟ ಸುಮಾರು 145 ವ್ಯಾಟ್, ಉಳಿದ 455 ಪ್ಲಾಸ್ಮಾಕ್ಕೆ. ಆ ಕೆಂಪನ್ನು ಎಷ್ಟು ಹೊತ್ತು ನೋಡುತ್ತ ನಿಂತಿದ್ದೆನೋ.

ಇದರಿಂದ ಪ್ರೋಟಾನ್, ಅಂದರೆ ಎಲೆಕ್ಟ್ರಾನ್ ಕಳೆದುಕೊಂಡ ಹೈಡ್ರೋಜನ್ ಪರಮಾಣು, ಬಿಸಿಯಾಗುತ್ತದಾ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ನೇರವಾಗಿ ಇಲ್ಲ. ಪ್ರೋಟಾನ್‌ನ ಸೈಕ್ಲೋಟ್ರಾನ್ ಆವರ್ತನ, ಅಂದರೆ ಕಾಂತಕ್ಷೇತ್ರದಲ್ಲಿ ಅದು ಸೆಕೆಂಡಿಗೆ ಎಷ್ಟು ಸುತ್ತು ಸುತ್ತುತ್ತದೆ ಎಂಬುದು, ಪ್ರತಿ ಟೆಸ್ಲಾಗೆ 15.2 ಮೆಗಾಹರ್ಟ್ಜ್. ನಮ್ಮ ಕೊಳವೆಯಲ್ಲಿರುವ 200 ಗಾಸ್ (0.02 ಟೆಸ್ಲಾ) ಕಾಂತಕ್ಷೇತ್ರದಲ್ಲಿ ಅದು ಬರೀ 0.3, ಜನರೇಟರ್‌ನ 13.56ಕ್ಕೆ ಹೊಂದುವುದೇ ಇಲ್ಲ. ಇಲ್ಲಿ ಶಕ್ತಿ ಪಡೆಯುವುದು ಎಲೆಕ್ಟ್ರಾನ್. ಟೋಕಮಾಕ್‌ನಂಥ ಪ್ರಬಲ ಕಾಂತಕ್ಷೇತ್ರದ ಸಮ್ಮಿಳನ ಯಂತ್ರಗಳಲ್ಲಾದರೆ ಎರಡೂ ಆವರ್ತನ ಹೊಂದುವ ಆ ಅನುರಣನ ಸಿಗುತ್ತದೆ. ಅಲ್ಲೂ ಬರೀ ಹೈಡ್ರೋಜನ್ನೇ ತುಂಬಿದ್ದರೆ ಅನುರಣನದ ಜಾಗದಲ್ಲಿ ಪ್ರೋಟಾನ್ ಜೊತೆ ಸುತ್ತಬೇಕಾದ ವಿದ್ಯುತ್ ಕ್ಷೇತ್ರದ ಭಾಗವೇ ಹತ್ತಿರ ಹತ್ತಿರ ಮಾಯವಾಗುತ್ತದೆ. ಅದಕ್ಕೇ ಡ್ಯೂಟೀರಿಯಂನಲ್ಲಿ (ಭಾರ ಹೈಡ್ರೋಜನ್) ಶೇಕಡ ಕೆಲವೇ ಪಾಲು ಹೈಡ್ರೋಜನ್ ಬೆರೆಸಿ, ಆ ಅಲ್ಪಸಂಖ್ಯಾತ ಪ್ರೋಟಾನ್‌ಗಳನ್ನು ಕಾಯಿಸುವ ಉಪಾಯ. ನನ್ನ ಲೆಕ್ಕವನ್ನೇ ಅಲ್ಲಿನ ಆಂಟೆನಾದವರೂ ಹಾಕುತ್ತಾರೆ: ಪ್ಲಾಸ್ಮಾ ಇಲ್ಲದೆ ಎಷ್ಟು ರೋಧ, ಇದ್ದಾಗ ಎಷ್ಟು.

ಪಂಪಿನ ಹೊಗೆಕೊಳವೆಯನ್ನು ಕಿಟಕಿಯಾಚೆ ಒಯ್ದಿದ್ದೇವೆ, ಗಾಳಿಯಲ್ಲಿ ಶೇ. 4 ಆದರೆ ಹೈಡ್ರೋಜನ್ ಕಿಡಿಗೆ ಕಾಯುತ್ತಿರುತ್ತದೆ. ಈಗ ಪೀಣ್ಯದ ವರ್ಕ್‌ಶಾಪ್ ಒಂದರಲ್ಲಿ ಕಾಯಿಲ್‌ನ ವೋಲ್ಟೇಜ್ ಪ್ಲಾಸ್ಮಾಕ್ಕೆ ತಾಗದಂತೆ ತಡೆಯುವ ಫ್ಯಾರಡೆ ಶೀಲ್ಡ್‌ಗೆ ತಾಮ್ರದ ತಗಡು ಸೀಳುತ್ತಿದ್ದಾರೆ, ಬುಧವಾರ ಕೈಗೆ ಬರುತ್ತದೆ. ಅದರ ಬೋಲ್ಟ್, ವಾಷರ್‌ಗಳನ್ನು ನಮ್ಮ ಅಸಿಸ್ಟೆಂಟ್ ಆಗಲೇ ಮ್ಯಾಗ್ನೆಟ್ ಹಿಡಿದು ಆರಿಸಿಟ್ಟಿದ್ದಾರೆ.